ಅಂಜಿನಕ್ಕನ ಫೋನಿನಲ್ಲಿ ಗಾಳೆಮ್ಮ

ಪುಕ್ಕಟೆ ಸಿಗುವ ಜಾಗವನ್ನು ಖಾಲಿ ಬಿಟ್ಟರೆ ಕೂಡ್ಲಿಗಿಯ ಕ್ರಾಂತಿಕುಮಾರನಿಗೆ ಊಟ ಸೇರುತ್ತಿರಲಿಲ್ಲ. ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಕರೆಂಟ್ ಬಿಲ್ಲಿನಿಂದ ಹಿಡಿದು ಯಾರೋ ಕಳಿಸಿದ ಶುಭೋದಯದ ಗುಲಾಬಿಯವರೆಗೆ ಏನನ್ನೂ ಅಳಿಸಿದವನಲ್ಲ. ಎಲ್ಲವೂ ಇಂಟರ್ನೆಟ್ಟಿನ ಡ್ರೈವಿಗೆ ಹೋಗಿ ಬೀಳುತ್ತಿತ್ತು. ಅದು ತುಂಬಿದಾಗ ದುಡ್ಡು ಕಟ್ಟಿ ಜಾಗ ಹೆಚ್ಚಿಸಿಕೊಳ್ಳಲು ಮನಸ್ಸು ಬಾರದೆ ಹೆಂಡತಿಯ ನಂಬರಿನಲ್ಲಿ ಇನ್ನೊಂದು ಅಕೌಂಟು ತೆರೆದ. ಅದೂ ತುಂಬಿತು. ಆಮೇಲೆ ಓಣಿಯವರ ನಂಬರುಗಳಿಗೆ ಕೈಹಾಕಿದ. ಮದುವೆ ಮನೆಯವರು ಹೆಚ್ಚಾದ ಪಾತ್ರೆಗಳನ್ನು ಅಕ್ಕಪಕ್ಕದ ಮನೆಗಳಲ್ಲಿ ಇಟ್ಟ ಹಾಗೆ ಅವನ ಫೋಟೊ, ವಿಡಿಯೊಗಳು ಓಣಿಯ ತುಂಬ ಹಂಚಿಹೋದವು. ಯಾವುದು ಯಾರ ಮನೆಯಲ್ಲಿದೆ ಎಂಬುದು ಅವನಿಗೇ ನೆಟ್ಟಗೆ ಗೊತ್ತಿರಲಿಲ್ಲ.

ಮಗಳು ಕೋಮಲಾಳ ಅರಿಶಿಣದ ದಿನ ಬೆಳಿಗ್ಗೆ ಇದು ಕುತ್ತಿಗೆಗೆ ಬಂತು.

"ಅಪ್ಪಾ, ಅಜ್ಜಿ ಸೋಬಾನ ಹಾಡಿದ್ದು ರೆಕಾರ್ಡ್ ಮಾಡೀನಿ ಅಂದಿದ್ದೆಲ್ಲ, ಸಂಜಿಗೆ ಅದನ್ನ ಹಚ್ಚು. ಅಜ್ಜಿ ಹಾಡು ಕೇಳದ ನಾನು ಅರಿಶಿಣ ಹಚ್ಚಿಸ್ಕೊಳ್ಳಾಕಿಲ್ಲ" ಎಂದಳು.

ಅಜ್ಜಿ ಎಂದರೆ ಕ್ರಾಂತಿಕುಮಾರನ ಅವ್ವ ಗಾಳೆಮ್ಮ. ಅವಳು ಹಾಡದೆ ಆ ಓಣಿಯಲ್ಲಿ ಯಾವ ಹುಡುಗಿಗೂ ಅರಿಶಿಣ ಏರಿರಲಿಲ್ಲ. ಹೋದ ವರ್ಷ ತೀರಿಕೊಂಡಳು. ಹಾಸಿಗೆ ಹಿಡಿದಾಗ ಮೊಮ್ಮಗಳ ಮದುವೆಗೆಂದೇ ಒಂದು ಹಾಡು ಹಾಡಿದ್ದಳು, ಮಗ ಎದುರಿಗೆ ಕೂತು ಅತ್ತಿದ್ದ. ರೆಕಾರ್ಡಿಂಗ್ ಭದ್ರವಾಗಿದೆ ಎಂದು ಸಿಕ್ಕವರಿಗೆಲ್ಲ ಹೇಳಿದನೇ ಹೊರತು, ಒಮ್ಮೆಯೂ ಹಚ್ಚಿ ಕೇಳಿರಲಿಲ್ಲ. ಕೇಳುವ ಧೈರ್ಯವಾಗಿರಲಿಲ್ಲ, ಅಷ್ಟೇ.

ಹಾಡು ಗೂಡ್ಸ್ ಆಟೊ ಓಡಿಸುವ ಎರ್ರೆಪ್ಪನ ನಂಬರಿನ ಅಕೌಂಟಿನಲ್ಲಿದೆ ಎಂದು ಅವನ ಅಂದಾಜು. ತೆರೆಯಲು ಹೋದರೆ ಓಟಿಪಿ ಎರ್ರೆಪ್ಪನ ಫೋನಿಗೆ ಹೋಯಿತು.

"ಓಟಿಪಿ ಬಂತೇನಣ್ಣ? ಹೇಳು."

"ಬಂದೈತಿ. ಯಾರಿಗೂ ಹೇಳಬ್ಯಾಡ ಅಂತ ಅದ್ರಾಗೇ ಬರದೈತಿ ನೋಡು."

"ಅಕೌಂಟು ನಂದೇ ಅಣ್ಣ."

"ಕಳ್ಳರೂ ಹಂಗಾ ಅಂತಾರಂತ, ಟೀವಿಯಾಗ ಹೇಳ್ಯಾರ."

ಕೊನೆಗೆ ಎರ್ರೆಪ್ಪನೇ ಒಂದು ದಾರಿ ಹುಡುಕಿದ. ತಾನು ಬಾಯಿ ಬಿಡುವುದಿಲ್ಲ, ಓಟಿಪಿಯನ್ನು ತಾನೇ ಒತ್ತುತ್ತಾನೆ, ಕ್ರಾಂತಿಕುಮಾರ ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕು. ಒಂದೊಂದು ಅಂಕಿಯನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅವನು ಹುಡುಕಿ ಒತ್ತುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು, ಮತ್ತೆ ಹೊಸ ಓಟಿಪಿ, ಮತ್ತೆ ಗೋಡೆ. ಮಧ್ಯಾಹ್ನದ ಹೊತ್ತಿಗೆ ಅಕೌಂಟೇನೋ ತೆರೆಯಿತು. ಒಳಗಿದ್ದದ್ದು ಬರೀ ಗುಲಾಬಿ ಹೂಗಳು.

ಆಗ ನೆನಪಾಯಿತು. "ನನ್ನ ಹಾಡನ್ನ ಅಂಜಿನಿ ಹತ್ರ ಇಡಪ್ಪ" ಎಂದು ಅವ್ವನೇ ಹೇಳಿದ್ದಳು. ಎದುರು ಮನೆಯ ಅಂಜಿನಕ್ಕ ಅವಳ ಜೀವದ ಗೆಳತಿ. ಕ್ರಾಂತಿಕುಮಾರ ಓಡಿದ.

"ದೊಡ್ಡವ್ವ, ಅವ್ವನ ಹಾಡು ನಿನ್ನ ಫೋನಿನ್ಯಾಗ ಐತಿ."

"ಇತ್ತಪ್ಪ" ಎಂದಳು ಅಂಜಿನಕ್ಕ. "ಹ್ವಾದ ವಾರ ಫೋನ್ ಹಿಡಿದ್ರ ನಿಮ್ಮವ್ವ ಅದ್ರಾಗ ಫೋಟೊ ಆಗಿ ಬಂದು ನಗಾಕತ್ತಿದ್ಲು. ಕೆಳಗ 'ನೆನಪೈತೇನು' ಅಂತ ಬರದಿತ್ತಂತ. ನನ್ನ ಜೀವ ಝಲ್ ಅಂತು. ಸತ್ತೋರ ಸೀರಿ, ಕೌದಿ ಹಳ್ಳಕ್ಕ ಬಿಡ್ತೀವಿ, ಇದನ್ನ ಇಟ್ಕೊಂಡ್ರ ಆಕಿಗೆ ಬಿಡುಗಡಿ ಎಲ್ಲೈತಿ? ಅದಕ್ಕ ಸೊಸಿ ಕಡಿಂದ ಎಲ್ಲಾ ಬಿಡಿಸಿದೆ."

ಕ್ರಾಂತಿಕುಮಾರ ಅವಳ ಮನೆಯ ಕಟ್ಟೆಯ ಮೇಲೆ ಕುಸಿದು ಮಕ್ಕಳ ಹಾಗೆ ಅತ್ತುಬಿಟ್ಟ. ನೆಮ್ಮದಿಯಾಗಿ ಅಳುವುದಕ್ಕೂ ಓಣಿ ಬಿಡಲಿಲ್ಲ, ಜನ ಸೇರಿದರು. "ಯಾವ ಹಳ್ಳಕ್ಕ ಬಿಟ್ರಂತ? ಆಟೊ ತೆಗೀಲೇನು?" ಎಂದ ಎರ್ರೆಪ್ಪ.

ಅಂಜಿನಕ್ಕನ ಸೊಸೆ ನಾಗರತ್ನ ಒಳಗಿನಿಂದ ಬಂದಳು. "ಅಳಬ್ಯಾಡ್ರಿ ಅಣ್ಣ. ಅಳಿಸಿದ್ದು ಒಂದು ತಿಂಗಳು ಕಸದಬುಟ್ಟ್ಯಾಗ ಇರ್ತೈತಿ" ಎಂದು ಅತ್ತೆಯ ಫೋನಿನ ಮೇಲೆ ಬೆರಳಾಡಿಸಿದಳು. 'ಅವ್ವನ ಹಾಡು' ಎಂಬ ಹೆಸರು ಮೇಲೆದ್ದು ಬಂತು. ಕ್ರಾಂತಿಕುಮಾರ ಆ ಫೋನನ್ನು ಕಣ್ಣಿಗೊತ್ತಿಕೊಂಡ.

ಸಂಜೆ ಕೋಮಲಾ ಮಣೆಯ ಮೇಲೆ ಕೂತಳು. ಅಂಜಿನಕ್ಕ ಅರಿಶಿಣದ ಬಟ್ಟಲು ಹಿಡಿದು ನಿಂತಳು. ಫೋನನ್ನು ದೊಡ್ಡ ಸ್ಪೀಕರಿಗೆ ಜೋಡಿಸಿ ಕ್ರಾಂತಿಕುಮಾರ ಹಚ್ಚಿದ. ಕೆಮ್ಮು ಕೇಳಿಸಿತು, ಗಾಳೆಮ್ಮನದೇ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಆಮೇಲೆ ಅವನದೇ ದನಿ ಬಂತು. "ಅವ್ವಾ, ತಡಿ. ಫ್ಯಾನ್ ಬಂದ್ ಮಾಡ್ತೀನಿ. ಹಾಂ, ಈಗ ಕೆಮ್ಮಬ್ಯಾಡ. ಫೋನಿನ ಹತ್ರ ಬಾ. ಅಷ್ಟು ಹತ್ರ ಬ್ಯಾಡ. ತಡಿ, ಜಾಗ ಕಮ್ಮಿ ಐತಿ ಅಂತೈತಿ, ಇರ್ಲಿ. ಮದ್ಲು ನಿನ್ನ ಹೆಸರು ಹೇಳು. ಬ್ಯಾಡ, ನಾನಾ ಹೇಳ್ತೀನಿ."

"ನಿಂದು ಮುಗೀಲಪ್ಪ, ಆಮ್ಯಾಲ ಹಾಡ್ತೀನಿ" ಎಂದಿತು ಅವ್ವನ ದನಿ.

ಅವನದು ಮುಗಿಯಲೇ ಇಲ್ಲ. ಊರು, ತಾರೀಕು, ಮೊಮ್ಮಗಳ ಹೆಸರು, ಮತ್ತೆ ಫ್ಯಾನು. ಕೊನೆಗೂ ಗಾಳೆಮ್ಮ ಗಂಟಲು ಸರಿಮಾಡಿಕೊಂಡು, "ಹಾಡ್ಲೇನಪ್ಪ?" ಎಂದಳು.

ಅಲ್ಲಿಗೆ ನಿಂತಿತು. ಉಳಿದಿದ್ದ ಚೂರು ಜಾಗವನ್ನೂ ಅವನ ಮಾತೇ ತುಂಬಿಬಿಟ್ಟಿತ್ತು. ಅವ್ವ ಹಾಡುವಾಗ ಅಳುತ್ತ ಕೂತವನು ಫೋನಿನ ಕಡೆ ನೋಡಿರಲಿಲ್ಲ.

ಕೋಮಲಾ ಅಪ್ಪನ ಮುಖ ನೋಡಿ ತಲೆ ತಗ್ಗಿಸಿದಳು. ಅಂಜಿನಕ್ಕ ಮಾತ್ರ ಬಟ್ಟಲು ಹಿಡಿದು ಇನ್ನೂ ಕಾಯುತ್ತಿದ್ದಳು.

"ಇನ್ನೊಮ್ಮಿ ಹಚ್ಚಪ್ಪ" ಎಂದಳು. "ಈ ಸಲ ನೀ ನಡುವ ಮಾತಾಡಬ್ಯಾಡ, ಆಕಿ ಹಾಡ್ತಾಳ."

ಕ್ರಾಂತಿಕುಮಾರ ಇನ್ನೊಮ್ಮೆ ಹಚ್ಚಿದ.