ಮುದಿ ಕೋತಿ ಉಗಿದ ದ್ರಾಕ್ಷಿ

ಒಟಿಲಿ: ಇವತ್ತೇ ಕೊಯ್ಯೋದು. ಇನ್ನು ಮಾತಿಲ್ಲ!

ಹಿಸ್ಕಿಯ: ಇನ್ನೊಂದೆರಡು ದಿನ ಇರು ಮಾರಾಯ್ತಿ. ಹುಳಿ ಹೋಗಿಲ್ಲ. ಈಗ ಹಿಂಡಿದ್ರೆ ವೈನಲ್ಲ, ವಿನೆಗರ್ ಆಗುತ್ತೆ.

ಒಟಿಲಿ: ಹೋದ ವರ್ಷಾನೂ ಇದೇ ರಾಗ. ಹುಳಿ ಹೋಗ್ಲಿ ಅಂತ ಕಾದೆ, ದ್ರಾಕ್ಷಿನೇ ಹೋಯ್ತು. ಪೀಪಾಯೀಲಿ ಏನಿತ್ತು? ಜೇಡರ ಬಲೆ!

ನಮೀಬಿಯಾದ ಒಮಾರುರು ನದಿಯೆಂದರೆ ಬರೀ ಮರಳು. ಆ ಮರಳುದಂಡೆಯಲ್ಲಿ ಬಾವಿಯ ನೀರು ಹನಿಸಿ ಬಳ್ಳಿ ಬೆಳೆಸಿದ ಗಂಡಹೆಂಡಿರಿಗೆ ಬಿಸಿಲಿನ ಭಯವಿರಲಿಲ್ಲ. ಭಯವೆಲ್ಲ ಎದುರುಗುಡ್ಡದ ಬಂಡೆಗಳ ಮೇಲೆ ಕೂತು ತೋಟವನ್ನೇ ನೋಡುತ್ತಿದ್ದ ಬಬೂನ್ ಕೋತಿಗಳದ್ದು. ಈ ವರ್ಷವೂ ಪೀಪಾಯಿ ಖಾಲಿ ಉಳಿದರೆ ಬಳ್ಳಿ ಕಿತ್ತು ಮೇಕೆ ಸಾಕುವುದೇ ಸೈ ಎಂದು ಒಟಿಲಿ ಆಣೆ ಹಾಕಿದ್ದಳು. ಮೇಕೆ ಎಂದರೆ ಸಾಕು, ಹಿಸ್ಕಿಯ ಮೂಗು ಮುಚ್ಚಿಕೊಳ್ಳುತ್ತಿದ್ದ.

ಹಿಸ್ಕಿಯ: ಕಾವಲಿಗೆ ನಾನಿದ್ದೀನಲ್ಲ! ಕೋತಿಗಳು ಹೆಂಗಸರಿಗೆ ಹೆದರಲ್ಲ, ಗಂಡಸನ್ನ ಕಂಡ್ರೆ ಕಾಲಿಗೆ ಬುದ್ಧಿ ಹೇಳ್ತಾವೆ. ಊರಿಗೇ ಗೊತ್ತಿರೋ ವಿಷಯ.

ಒಟಿಲಿ: ಅವು ಹೆದರೋದು ಗಂಡಸಿಗಲ್ಲ, ಪ್ಯಾಂಟಿಗೆ. ನೀನು ಪೇಟೆಗೆ ಹೋದಾಗೆಲ್ಲ ನಿನ್ನ ಪ್ಯಾಂಟು ಹಾಕ್ಕೊಂಡು ಓಡಿಸೋಳು ನಾನು.

ಹಿಸ್ಕಿಯ: ಪ್ಯಾಂಟಂತೆ ಪ್ಯಾಂಟು! ಈ ನಡಿಗೆ, ಈ ಗಂಟಲು, ಈ ಮೀಸೆ ಇವೆಲ್ಲ ಲೆಕ್ಕಕ್ಕಿಲ್ವಾ?

ಒಟಿಲಿ: ಹಾಗಾದ್ರೆ ನನ್ನ ಗೌನು ಹಾಕ್ಕೊಂಡು, ತಲೆಗೆ ವಸ್ತ್ರ ಕಟ್ಕೊಂಡು ಬಳ್ಳಿ ಪಕ್ಕ ಕೂತ್ಕೋ. ಕೋತಿಗಳು ಓಡಿದ್ರೆ ನೀನು ಹೇಳಿದ ದಿನ ಕೊಯ್ಲು. ಪಕ್ಕ ಬಂದು ಕೂತ್ರೆ ಇವತ್ತೇ.

ಹಿಸ್ಕಿಯ: ಆಯ್ತು. ಆದ್ರೆ ಮೀಸೆ ಮಾತ್ರ ಮುಚ್ಚಲ್ಲ, ಈಗ್ಲೇ ಹೇಳಿದ್ದೀನಿ.

ಒಟಿಲಿ: ಬಿಟ್ಕೊಂಡಿರು. ಅದನ್ನ ಯಾರು ನೋಡ್ತಾರೆ?

ಹೂವಿನ ಗೌನು ತೊಟ್ಟು ಹಿಸ್ಕಿಯ ಬಳ್ಳಿಯ ನೆರಳಲ್ಲಿ ಕೂತ. ಗುಡ್ಡದಿಂದ ಕೋತಿಗಳು ಸಂಸಾರ ಸಮೇತ, ನೆಂಟರ ಮನೆಗೆ ಹೊರಟವರಂತೆ ನಿಧಾನವಾಗಿ ಇಳಿದು ಬಂದವು.

ಹಿಸ್ಕಿಯ: ಹೋಯ್! ನನ್ನ ಯಾರು ಅಂದ್ಕೊಂಡ್ರೋ? ಗಂಡಸು ಕಣ್ರೋ!

ಮುದಿ ಗಂಡುಕೋತಿಯೊಂದು ಅವನ ಪಕ್ಕದಲ್ಲೇ ಅಂಡೂರಿತು. ಹಿಸ್ಕಿಯ ಮೀಸೆ ತಿರುವಿದ. ಕೋತಿ ಕಂಕುಳು ಕೆರೆದುಕೊಂಡಿತು. ಆಮೇಲೆ ಗೊಂಚಲೊಂದನ್ನು ಕಿತ್ತು ಬಾಯಿಗೆ ತುಂಬಿ, ಮುಖ ಕಿವುಚಿ, ಅಷ್ಟನ್ನೂ ಅವನ ಮಡಿಲಿಗೆ ಉಗಿಯಿತು.

ಅಷ್ಟರಲ್ಲಿ ಗಂಡನ ಪ್ಯಾಂಟು ಟೋಪಿಯಲ್ಲಿ ಬಂದ ಒಟಿಲಿ ಸುಮ್ಮನೆ ಒಮ್ಮೆ ಕೆಮ್ಮಿದಳು. ಇಡೀ ಸಂಸಾರ ಗುಡ್ಡಕ್ಕೆ ಪರಾರಿಯಾಯಿತು.

ಒಟಿಲಿ: ನೀನು ಸೋತೆ. ತಗೋ ಕತ್ತರಿ, ಶುರು ಹಚ್ಕೋ.

ಹಿಸ್ಕಿಯ: ಸೋತಿದ್ದೆಲ್ಲಿ? ಉಗೀತು ನೋಡು! ಕೋತಿಗೇ ಬೇಡವಾದ ಹಣ್ಣನ್ನ ಹಿಂಡಿ ಮನುಷ್ಯರಿಗೆ ಕುಡಿಸ್ತೀಯಾ?

ಒಟಿಲಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಅವಳ ಮುಖವೂ ಥೇಟ್ ಹಾಗೇ ಕಿವುಚಿತು. ಯಾರ ಹಾಗೆ ಎಂದು ಹೇಳುವ ಧೈರ್ಯ ಹಿಸ್ಕಿಯನಿಗೆ ಬರಲಿಲ್ಲ.

ಒಟಿಲಿ: ಸರಿ, ಕಾಯೋಣ. ಆದ್ರೆ ಹಣ್ಣಾಯ್ತು ಅಂತ ಹೇಳೋರ್ಯಾರು? ನಿನ್ನ ನಾಲಿಗೆ ನಂಬಿ ಹೋದ ವರ್ಷ ಕೆಟ್ಟೆ.

ಹಿಸ್ಕಿಯ: ಮತ್ತೆ?

ಒಟಿಲಿ: ಆ ಮುದುಕ ಹೇಳ್ತಾನೆ. ನೀನು ಗೌನಲ್ಲೇ ಕೂತಿರು, ಅವನು ಬಂದು ರುಚಿ ನೋಡ್ಲಿ. ಉಗಿದ್ರೆ ಸುಮ್ನಿರು. ನುಂಗಿದ ತಕ್ಷಣ ಕೂಗು, ಪ್ಯಾಂಟು ಹಾಕ್ಕೊಂಡು ಓಡಿ ಬರ್ತೀನಿ.

ಹಿಸ್ಕಿಯ: ಯಾರಾದ್ರೂ ನೋಡಿದ್ರೆ ನನ್ನ ಮಾನ?

ಒಟಿಲಿ: ಮೇಕೆ ತರೋಣ್ವಾ?

ಹಿಸ್ಕಿಯ ಗೌನಿನ ಗುಂಡಿ ಹಾಕಿಕೊಂಡ.

ಎರಡನೆಯ ದಿನ ಮುದಿ ಕೋತಿ ಗೊಂಚಲು ಕಿತ್ತು ಬಾಯಿಗಿಡುವುದಕ್ಕೂ, ಕಣ್ಣು ಮಂಜಾದ ನೆರೆಮನೆಯ ಗಾಟ್ಲೀಬ್ ಕತ್ತೆಗಾಡಿಯನ್ನು ಬೇಲಿಯ ಆಚೆ ನಿಲ್ಲಿಸುವುದಕ್ಕೂ ಸರಿಹೋಯಿತು.

ಗಾಟ್ಲೀಬ್: ಏನಮ್ಮಾ ಒಟಿಲಿ, ನಿನ್ನನ್ನ ಕೋತಿ ಕಾಯೋಕೆ ಬಿಟ್ಟು ಆ ಮೀಸೆ ಗಂಡ ಎಲ್ಲಿ ಅಡಗಿದ್ದಾನೆ? ಹೇಡಿ ನನ್ಮಗ!

ಹಿಸ್ಕಿಯನ ರಕ್ತ ಕುದಿಯಿತು. ಎದ್ದು ನಿಂತು ಜಾಡಿಸಿಬಿಡೋಣವೆನಿಸಿತು. ಆದರೆ ಕೋತಿ ಇನ್ನೂ ಅಗಿಯುತ್ತಿತ್ತು, ಉಗಿದಿರಲಿಲ್ಲ. ಎದ್ದರೆ ಅದು ಹಾರಿಹೋಗುತ್ತಿತ್ತು. ಅವನು ತಲೆವಸ್ತ್ರವನ್ನು ಮೀಸೆಯ ಮೇಲೆ ಎಳೆದುಕೊಂಡ.

ಹಿಸ್ಕಿಯ (ಸಣ್ಣ ದನಿಯಲ್ಲಿ): ಹೇಡಿನೇ ಮಾವಾ. ಏನ್ಮಾಡೋದು, ವೈನ್ ಮಾತ್ರ ಚೆನ್ನಾಗಿ ಮಾಡ್ತಾನೆ.

ಪಕ್ಕದಲ್ಲಿ ಗುಟುಕ್ ಎಂದಿತು.

ಹಿಸ್ಕಿಯ (ಗುಡ್ಡ ಅದುರುವಂತೆ): ಒಟಿಲೀ! ನುಂಗಿದ ಕಣೇ! ಪ್ಯಾಂಟು ಹಾಕ್ಕೊಂಡು ಓಡಿ ಬಾರೇ!