ನಮ್ಮತ್ತೆಯ ಅರ್ಧ ಹೊಟ್ಟೆ

ಭದ್ರಾವತಿಯಲ್ಲಿರುವ ನಮ್ಮತ್ತೆಗೆ, ಅಂದರೆ ಅಪ್ಪನ ತಂಗಿಗೆ, ಇರುವುದು ಅರ್ಧವೇ ಹೊಟ್ಟೆ. ಆದರೆ ದಿನಕ್ಕೆ ಆರು ಸಲ ಊಟ ಮಾಡುತ್ತಾಳೆ! ಇದು ಯಾವ ಸೀಮೆಯ ನ್ಯಾಯ ಎಂದು ನೀವು ಕೇಳಬಹುದು. ಅವಳನ್ನು ಮಾತ್ರ ಕೇಳಬೇಡಿ. ಕೇಳಿದವರನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗದೆ ಅವಳು ಬಿಡುವುದಿಲ್ಲ.

ಮೊದಲು ಅವಳಿಗೂ ಪೂರ್ತಿ ಹೊಟ್ಟೆಯೇ ಇತ್ತು. ಅದರ ತುಂಬ ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ನಾವೆಲ್ಲ ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡರೆ, ಅತ್ತೆ ಉಪ್ಪಿನಕಾಯಿಗೆ ಅನ್ನ ನೆಂಚಿಕೊಳ್ಳುತ್ತಿದ್ದಳು. ಮದುವೆ ಮನೆಗೂ ಬ್ಯಾಗಿನಲ್ಲಿ ಒಂದು ಡಬ್ಬಿ ಹೋಗುತ್ತಿತ್ತು. ಹೊಳೆಹೊನ್ನೂರಿನ ಮದುವೆಯೊಂದರಲ್ಲಿ ಮುಚ್ಚಳ ಸಡಿಲವಾಗಿ, ಉಡುಗೊರೆಯ ಸೀರೆ ಎಣ್ಣೆಯಲ್ಲಿ ಮಿಂದಿತು. ಮದುಮಗಳು ಪೊಟ್ಟಣ ಮೂಸಿ ಮುಖ ಕಿವುಚಿದಳು. ಅತ್ತೆ ತಣ್ಣಗೆ, "ಮೂರು ವರ್ಷದ ಮಿಡಿ ಕಣಮ್ಮಾ, ಒಳ್ಳೇದಾಗ್ಲಿ" ಎಂದು ಹರಸಿ ವೇದಿಕೆ ಇಳಿದಳು!

ಎರಡು ವರ್ಷದ ಹಿಂದೆ ಇಂಥ ಅತ್ತೆ ಎರಡು ತುತ್ತಿಗೇ ತಟ್ಟೆ ಸರಿಸತೊಡಗಿದಳು. ರವಿಕೆಗಳು ದೊಗಳೆಯಾದವು. "ಏನ್ ಮಾರಾಯ್ತಿ, ಇಷ್ಟು ಸಣ್ಣ ಆಗಿದೀಯ?" ಎಂದು ಪಕ್ಕದ ಮನೆಯವರು ಕೇಳಿದರೆ, "ಡಯಟ್ ಮಾಡ್ತಿದೀನಿ" ಎಂದು ಬೀಗುತ್ತಿದ್ದಳು. ಮಾಡದ ಡಯಟ್ಟಿಗೆ ಇಬ್ಬರು ಶಿಷ್ಯೆಯರೂ ಸಿಕ್ಕರು! ಎದೆ ಉರಿದರೆ ಗ್ಯಾಸು, ಬೆನ್ನು ನೋವಾದರೂ ಗ್ಯಾಸು. ಔಷಧಿ ಅಂಗಡಿಯ ಗುಲಾಬಿ ಸಿರಪ್ಪನ್ನು ಬಾಟಲಿಗೇ ಬಾಯಿಟ್ಟು ಕುಡಿಯುತ್ತಿದ್ದಳು.

ಒಂದು ದಿನ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಗೆ ಬಂದವಳು ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಟ್ಟಳು. ಮಲ ಕಪ್ಪಗೆ ಹೋಗುತ್ತಿದೆ ಎಂದು ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿ, "ಕಬ್ಬಿಣದ ಊರಿನವಳಲ್ವೇನೇ, ಹಾಗೇ ಇರುತ್ತೆ!" ಎಂದು ತಾನೇ ನಕ್ಕಳು. ನನ್ನ ಹೆಂಡತಿ ನಗಲಿಲ್ಲ. ಮರುದಿನ ಬೆಳಿಗ್ಗೆಯೇ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದೆವು.

"ಬಾಯಿಂದ ಸಣ್ಣ ಪೈಪ್ ಇಳಿಸಿ, ಕ್ಯಾಮೆರಾದಲ್ಲಿ ಹೊಟ್ಟೆ ಒಳಗೆ ನೋಡ್ತೀವಿ ಅಮ್ಮಾ" ಎಂದರು ಡಾಕ್ಟರು.

"ಫೋಟೋ ತೆಗೀತೀರಾ? ಮೊದ್ಲೇ ಹೇಳ್ಬಾರ್ದಾ, ಒಳ್ಳೆ ಸೀರೆ ಉಟ್ಕೊಂಡ್ ಬರ್ತಿದ್ದೆ!"

ವಾರದ ನಂತರ ರಿಪೋರ್ಟು ಬಂತು. ಹೊಟ್ಟೆಯ ಕ್ಯಾನ್ಸರ್. ಡಾಕ್ಟರು ಸಮಾಧಾನದಲ್ಲೇ ಹೇಳಿದರು: "ಬೇರೆ ಕಡೆ ಹರಡಿಲ್ಲ. ಗುಣ ಮಾಡೋಕೆ ಒಳ್ಳೆ ಅವಕಾಶ ಇದೆ. ಹೊಟ್ಟೇಲಿ ಒಂದು ಬ್ಯಾಕ್ಟೀರಿಯಾ ಬಹಳ ವರ್ಷದಿಂದ ಕೂತಿದೆ. ಜೊತೆಗೆ ಆ ಉಪ್ಪು, ಉಪ್ಪಿನಕಾಯಿ..."

"ಬ್ಯಾಕ್ಟೀರಿಯಾನ ಏನಾದ್ರೂ ಮಾಡ್ಕೊಳಿ. ಉಪ್ಪಿನಕಾಯಿ ಮೇಲೆ ಗೂಬೆ ಕೂರಿಸ್ಬೇಡಿ!" ಎಂದಳು ಅತ್ತೆ.

ಕೀಮೋದ ಆ ತಿಂಗಳುಗಳಲ್ಲಿ ತಮಾಷೆ ಇರಲಿಲ್ಲ. ನೀರು ಕುಡಿದರೂ ವಾಂತಿ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಆಮೇಲೆ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಡಾಕ್ಟರು, "ಅರ್ಧ ಹೊಟ್ಟೆ ತೆಗೆದಿದೀವಿ ಅಮ್ಮಾ" ಎಂದರೆ, ಅತ್ತೆ ಕಣ್ಣು ಬಿಡದೆಯೇ ಕೇಳಿದಳು: "ಉಳಿದದ್ದು ನಂದೇ ತಾನೆ?" ಅವತ್ತು ನಮಗೆ ನಮ್ಮ ಅತ್ತೆ ವಾಪಸು ಸಿಕ್ಕಳು!

ಅರ್ಧ ಹೊಟ್ಟೆಗೆ ಒಂದೇ ಸಲ ಹೆಚ್ಚು ಹಿಡಿಸದು; ಈಗ ದಿನಕ್ಕೆ ಆರು ಸಲ ಮೊಬೈಲಿನ ಅಲಾರಾಂ ಹೊಡೆದಾಗಲೆಲ್ಲ ಅವಳ ಊಟ. ಭದ್ರಾವತಿಯಿಂದ ಬರುವಾಗ ಮಲವಗೊಪ್ಪದಲ್ಲಿ ಅಲಾರಾಂ ಹೊಡೆದರೆ, ಬಸ್ಸಿನಲ್ಲೇ ಒಂದು ಇಡ್ಲಿ ತೆಗೆದು ಶಿವಮೊಗ್ಗ ಬಸ್‌ಸ್ಟ್ಯಾಂಡಿನ ತನಕ ಅಗಿಯುತ್ತಾಳೆ. ಮನೆಯವರೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದೇ ತಡ, ತೇಗಿದವರನ್ನೆಲ್ಲ ಅವಳು ಆಸ್ಪತ್ರೆಗೆ ಎಳೆಯತೊಡಗಿದಳು; ನೆಂಟರೆಲ್ಲ ಹೆದರಿ ತೇಗುವುದನ್ನೇ ಬಿಟ್ಟರು!

ಕಳೆದ ತಿಂಗಳು ನಾನು ಸಿಕ್ಕಿಬಿದ್ದೆ. ನನ್ನ ಅಂಗಿಯ ಜೇಬಿನಲ್ಲಿ ಅತ್ತೆ ಮಾತ್ರೆಯ ಸ್ಟ್ರಿಪ್ಪು ಕಂಡಳು.

"ಏನೋ ಇದು?"

"ಗ್ಯಾಸ್ ಅತ್ತೆ, ಅಷ್ಟೇ."

"ನಾನೂ ಹಾಗೇ ಅಂತಿದ್ದೆ ಮಾರಾಯ. ನಾಳೆ ಬೆಳಿಗ್ಗೆ ಏನೂ ತಿನ್ಬೇಡ."

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಹಸಿದು ಕೂತು, "ಎಲ್ಲರನ್ನೂ ಯಾಕೆ ಹೀಗೆ ಕಾಡ್ತೀಯ?" ಎಂದು ರೇಗಿದೆ. ಅವಳು ನಗಲಿಲ್ಲ.

"ನಿನ್ನ ಅಜ್ಜೀನ ನೀನು ನೋಡಿಲ್ಲ. ಕೊನೇ ವರ್ಷ ಅಮ್ಮ ಎರಡು ತುತ್ತಿಗೇ ಸಾಕು ಅಂತಿದ್ಲು. ಅವಳ ಪಾಲಿನ ದೋಸೆ ನನಗೂ ನಿಮ್ಮಪ್ಪಂಗೂ ಸಿಗ್ತಿತ್ತಲ್ಲ, ನಮಗೆ ಖುಷಿಯೋ ಖುಷಿ. ಯಾಕಮ್ಮಾ ಸಾಕು ಅಂತ ಒಬ್ರೂ ಕೇಳ್ಲಿಲ್ಲ ಕಣೋ."

ನರ್ಸ್ ನನ್ನ ಹೆಸರು ಕೂಗಿದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಹೊರಬಂದಾಗ ಅತ್ತೆ ನನ್ನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಅದುಮಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು.

"ಹೆದರೋ ಥರದ್ದು ಏನೂ ಇಲ್ವಂತೆ ಅತ್ತೆ. ಆ ಬ್ಯಾಕ್ಟೀರಿಯಾ ಇದೆಯಂತೆ. ಎರಡು ವಾರ ಮಾತ್ರೆ ನುಂಗಿದ್ರೆ ಹೋಗುತ್ತಂತೆ."

ಅವಳು ಕಣ್ಣು ಬಿಟ್ಟಳು. ಮೂಗು ಒರೆಸಿಕೊಂಡು ಚಪ್ಪಲಿಗಳನ್ನು ನನ್ನ ಮುಂದಿಟ್ಟಳು. ನಾನು ಬಗ್ಗಲು ಹೋದೆ.

"ನೀನು ಬಗ್ಗಬೇಡ, ಇಂಜೆಕ್ಷನ್ ಅಮಲು ಇನ್ನೂ ಇಳಿದಿಲ್ಲ, ಬೀಳ್ತೀಯ" ಎಂದು ಗದರಿಸಿ, ತಾನೇ ನೆಲದ ಮೇಲೆ ಕೂತಳು. ಐವತ್ತು ದಾಟಿದ ನನ್ನ ಕಾಲುಗಳಿಗೆ, ಸ್ಕೂಲಿಗೆ ಹೊರಟ ಮಗುವಿಗೆ ತೊಡಿಸುವ ಹಾಗೆ, ಒಂದೊಂದಾಗಿ ಚಪ್ಪಲಿ ತೊಡಿಸಿದಳು.