ಮಾವನಿಗೆ ಬೇಡ ಎನ್ನುವ ಸಮಿತಿ

ಉಡುಪಿ ಜಿಲ್ಲೆಯಲ್ಲಿ ತನ್ನನ್ನು ತಾನೇ ನಂಬದ ಮನುಷ್ಯ ಒಬ್ಬರಿದ್ದರೆ ಅದು ನನ್ನ ಸಣ್ಣ ಮಾವ. ನಾವೆಲ್ಲ ಊರವರ ಮೇಲೆ ಅನುಮಾನ ಪಡುತ್ತೇವೆ. ಮಾವ ಹೊಸಿಲು ದಾಟದೆ ಆ ಅನುಮಾನವನ್ನು ತನ್ನ ಮೇಲೇ ಪಟ್ಟು ಮುಗಿಸಿಬಿಡುತ್ತಾರೆ!

ಅವರು ಬ್ಯಾಂಕಿನಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಸ್ವಯಂನಿವೃತ್ತಿ ಪಡೆದು, ೨೦೦೪ರಲ್ಲಿ ಸಂತೆಕಟ್ಟೆಯ ಟಯರ್ ಅಂಗಡಿಯೊಂದರ ಮಾಳಿಗೆಯಲ್ಲಿ ಬೋರ್ಡು ತೂಗುಹಾಕಿದರು: ‘ಸ್ವತಂತ್ರ ಕೃತಕ ಬುದ್ಧಿ ಸಂಶೋಧನಾ ಕೇಂದ್ರ’. ಒಳಗೆ ಇದ್ದದ್ದು ಬಿಡಿಭಾಗ ತಂದು ಜೋಡಿಸಿದ ಒಂದು ಕಂಪ್ಯೂಟರ್, ಒಂದು ಟೇಬಲ್ ಫ್ಯಾನ್. ಬುದ್ಧಿ ಇನ್ನೂ ಬಂದಿರಲಿಲ್ಲ. ಆದರೆ ಅದರ ಮೇಲೆ ಕಣ್ಣಿಡುವ ನೀತಿ ಸಮಿತಿ ಬಂದಾಗಿತ್ತು! ತೊಟ್ಟಿಲಿಗಿಂತ ಮೊದಲು ಬೆತ್ತ ತಂದ ಹಾಗೆ.

“ದುಡ್ಡು ಎಣಿಸಿದವನೇ ತಾಳೆ ನೋಡಬಾರದು ಮಾರಾಯ್ತಿ,” ಎಂದರು ಮಾವ. “ಯಂತ್ರ ಮಾಡುವವ ನಾನು. ಅದು ಒಳ್ಳೆಯದುಂಟು ಅಂತ ನಾನೇ ಸರ್ಟಿಫಿಕೇಟ್ ಕೊಟ್ಟರೆ ಹೇಗೆ?”

ಸಮಿತಿಯಲ್ಲಿ ಮೂವರು. ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಲಿಲ್ಲಿ ಸಿಸ್ಟರ್, ಸಮಾರಂಭಗಳಿಗೆ ಅಡುಗೆ ಮಾಡುವ ಅಡಿಗರು, ಅಂಗಡಿಯ ಹಿಂದಿನ ಶೆಡ್ಡಿನಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುವ ಬಾಗಲಕೋಟೆಯ ಬಸವ್ವ. ದಿನಾ ಡೈರಿ ಬರೆಯುವ ತಪ್ಪಿಗೆ ನಾನು ಕಾರ್ಯದರ್ಶಿ. ಮತ ಮಾತ್ರ ಇಲ್ಲ.

“ಅಂದ್ರ, ಸಾಹೇಬ್ರು ತಪ್ಪ ಮಾಡಿದ್ರ ನಾವು ಬೈಬೇಕನ್ರಿ?” ಎಂದು ಮೊದಲ ದಿನವೇ ಬಸವ್ವ ಕೇಳಿದಳು.

“ಹೌದು.”

“ಬೈಯಾಕ ಚಾನೂ ಕೊಡ್ತೀರಿ?”

“ಬಿಸ್ಕತ್ತೂ ಉಂಟು.”

“ಹಂಗಾರ ದಿನಾ ಬರ್ತೀನಿ ಬಿಡ್ರಿ!”

ಸಮಿತಿ ಚರ್ಚಿಸುವಾಗ ಮಾವ ಒಳಗಿರುವಂತಿಲ್ಲ. ಮೆಟ್ಟಿಲಿನ ಮೇಲೆ ಕೂತಿರಬೇಕು. ಇದು ಅವರೇ ಮಾಡಿದ ನಿಯಮ. ಬ್ಯಾಂಕಿನ ತಿಜೋರಿಯಂತೆ ಕಂಪ್ಯೂಟರ್ ಕೋಣೆಗೂ ಎರಡು ಬೀಗ. ಒಂದರ ಕೀಲಿಕೈ ಮಾವನ ಬಳಿ, ಇನ್ನೊಂದು ಅಡಿಗರ ಸೊಂಟದಲ್ಲಿ. ಒಮ್ಮೆ ಅಡಿಗರು ಕೀಲಿಕೈ ಸಮೇತ ಕಾರ್ಕಳದ ಮದುವೆಯೊಂದಕ್ಕೆ ಹೋಗಿಬಿಟ್ಟರು. ಮಾವ ಬಸ್ಸು ಹತ್ತಿ ಬೆನ್ನಟ್ಟಿದರು. ಅಡಿಗರು ಸಾಂಬಾರಿನ ಸೌಟು ಕೆಳಗಿಡಲಿಲ್ಲ. “ಮೊದಲು ಎಲೆಗೆ ಕೂತುಕೊಳ್ಳಿ. ನಿಮ್ಮ ಬುದ್ಧಿಯದ್ದು ಮತ್ತೆ ನೋಡುವ.” ಗುರುತಿಲ್ಲದವರ ಮದುವೆಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡು ಮಾವ ಕತ್ತಲಾಗುವಾಗ ಮರಳಿದರು. ಅಂದು ಸಂಶೋಧನೆ ನಡೆಯಲಿಲ್ಲ, ಮೇಲ್ವಿಚಾರಣೆ ಮಾತ್ರ ಬಹಳ ಚೆನ್ನಾಗಿ ನಡೆಯಿತು!

ಅಂತೂ ಮೂರು ವರ್ಷಕ್ಕೆ ಯಂತ್ರಕ್ಕೆ ಬುದ್ಧಿ ಬಂತು. ಮೈಗೆ ಏನಾಗುತ್ತಿದೆ ಎಂದು ಟೈಪ್ ಮಾಡಿದರೆ, ಆಸ್ಪತ್ರೆಗೆ ಹೋಗಬೇಕೋ ಮನೆಯಲ್ಲೇ ಇರಬಹುದೋ ಹೇಳುತ್ತಿತ್ತು. ಅದಕ್ಕೆ ಪಾಠವಾದದ್ದು ನಮ್ಮ ನೆಂಟರ ಕಾಯಿಲೆಗಳು. ನಮ್ಮ ನೆಂಟರೋ! ಒಂದು ಸೀನು ಬಂದರೆ ಉಯಿಲಿನ ಮಾತೆತ್ತುವ ಜನ. ಕಾಪುವಿನ ದೊಡ್ಡಪ್ಪ ಹಲವು ಸಲ ಎಲ್ಲರಿಗೂ ಕೊನೆಯ ಮಾತು ಹೇಳಿ, ಮರುದಿನ ಪಕ್ಕದ ಮನೆಯವರೊಂದಿಗೆ ಬಂಗುಡೆ ಮೀನಿನ ರೇಟಿನ ಹರಟೆಗೆ ಕೂತವರು. ಇವರನ್ನು ನಂಬಿದ ಯಂತ್ರ ಎಲ್ಲರನ್ನೂ ಆಂಬುಲೆನ್ಸ್ ಹತ್ತಿಸತೊಡಗಿತು. ಆಗ ಮಾವ ಹೊಸ ನಿಯಮ ಸೇರಿಸಿದರು: ಯಾರು ಏನೇ ಹೇಳಲಿ, ಅರ್ಧ ಕಳೆ! ಸಮಿತಿ ಅದೇ ನೆಂಟರ ಮೇಲೆ ಪರೀಕ್ಷಿಸಿತು. ಎಲ್ಲವೂ ಸರಿ ಬಂತು. ಒಪ್ಪಿಗೆಯಾಯಿತು. ಭಾನುವಾರದ ಉದ್ಘಾಟನೆಗೆ ಕಾರ್ಡೂ ಅಚ್ಚಾಯಿತು.

ಅದಕ್ಕೆ ಮೊದಲಿನ ಗುರುವಾರ ಅತ್ತೆ, ಅಂದರೆ ಮಾವನ ಹೆಂಡತಿ, ಕಾಫಿ ಫ್ಲಾಸ್ಕು ಹಿಡಿದು ಮೆಟ್ಟಿಲು ಹತ್ತಿ ಬಂದವರು ಕುರ್ಚಿಯಲ್ಲಿ ಕುಸಿದರು.

“ಎಂತ ಇಲ್ಲ. ಸ್ವಲ್ಪ ಆಯಾಸ.”

ಮಾವನಿಗೆ ಹಿಗ್ಗು. ಹೊಸ ರೋಗಿ! ಟೈಪ್ ಮಾಡಿದರು. ಯಂತ್ರ ಆ ‘ಸ್ವಲ್ಪ’ದಲ್ಲೂ ಅರ್ಧ ಕಳೆಯಿತು: ‘ತೊಂದರೆ ಇಲ್ಲ. ಗಂಜಿ ತಿಳಿ ಕುಡಿಯಿರಿ.’ ಅಲ್ಲೇ ಇದ್ದ ಲಿಲ್ಲಿ ಸಿಸ್ಟರ್ ಯಂತ್ರದ ಕಡೆ ನೋಡಲಿಲ್ಲ. ಅತ್ತೆಯ ಹಣೆಯ ತಣ್ಣನೆ ಬೆವರು ಮುಟ್ಟಿ ನೋಡಿ ರಿಕ್ಷಾಕ್ಕೆ ಕೂಗಿದರು.

ಹೃದಯಾಘಾತ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಮಣಿಪಾಲದ ಡಾಕ್ಟರು.

ಮರುದಿನ ಅತ್ತೆ ಕಣ್ಣು ಬಿಟ್ಟು ಮಾತಾಡಿದ ಮೇಲೆ ಮಾವ ಆಸ್ಪತ್ರೆಯ ವರಾಂಡದಲ್ಲೇ ತುರ್ತು ಸಭೆ ಕರೆದರು. ಮೂವರಿಗೂ ಅವರ ಮುಖ ನೋಡಲಾಗಲಿಲ್ಲ.

“ಅಕ್ಕ ಉಳಿದರಲ್ವಾ ಮಾರಾಯ್ರೆ,” ಎಂದರು ಅಡಿಗರು. “ಮೂರು ವರ್ಷದ ಕೆಲಸ. ಉದ್ಘಾಟನೆ ಆಗಿಬಿಡಲಿ. ತಪ್ಪು ಮತ್ತೆ ತಿದ್ದುವ.”

ಮಾವ ಕೆಂಪಾದರು. “ಕನಿಕರ ತೋರಿಸಲಿಕ್ಕೆ ನಿಮ್ಮನ್ನು ಸಮಿತಿಗೆ ಹಾಕಿದ್ದಾ? ನನಗೆ ಉದ್ಘಾಟನೆ ಆಗಬೇಕು ಅಂತ ಆಸೆ ಉಂಟು. ಈಗಲೂ ಉಂಟು! ಅದಕ್ಕೇ ನನ್ನನ್ನು ಕೇಳಬೇಡಿ.” ಹೀಗೆಂದು ಹೋಗಿ ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತರು. ಹತ್ತಿ ಇಳಿಯುವವರೆಲ್ಲ ಅವರನ್ನು ಬಳಸಿಕೊಂಡು ಹೋಗಬೇಕಾಯಿತು.

ಸ್ವಲ್ಪ ಹೊತ್ತಿಗೆ ಬಸವ್ವ ಹೋಗಿ ಹೇಳಿದಳು. “ಬ್ಯಾಡ ಅಂದೀವ್ರಿ, ಸಾಹೇಬ್ರ.”

“ಎಲ್ಲರೂ?”

“ಎಲ್ಲಾರೂ.”

“ಒಳ್ಳೆಯದಾಯಿತು,” ಎಂದರು ಮಾವ. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ವಾರ್ಡಿಗೆ ಬಂದು ಅತ್ತೆಯ ಪಕ್ಕ ಸ್ಟೂಲು ಎಳೆದುಕೊಂಡರು. “ಈಗ ಹೇಗುಂಟು?”

“ಎಂತ ಇಲ್ಲ.”

ಬೇರೆ ದಿನವಾಗಿದ್ದರೆ ಮಾವ ಅಷ್ಟಕ್ಕೇ ಎದ್ದು ಹೋಗುತ್ತಿದ್ದರು. ಅಂದು ಏಳಲಿಲ್ಲ. ಅತ್ತೆಯ ಕೈ ಹಿಡಿದು ಮತ್ತೆ ಕೇಳಿದರು.

“ಎಡಗೈ ಸ್ವಲ್ಪ ಭಾರ,” ಎಂದರು ಅತ್ತೆ.

“ಮತ್ತೆ?”

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. “ಹೆದರಿಕೆ ಆಗ್ತದೆ.”

“ನನಗೂ,” ಎಂದರು ಮಾವ.